ದಿವಾನ್ ರಂಗಾಚಾರ್ಲು

ಪೂರ್ಣಯ್ಯನವರ ಹೆಸರನ್ನೂ, ಶೇಷಾದ್ರಿ ಅಯ್ಯರವರ ಹೆಸರನ್ನೂ, ವಿಶ್ವೇಶ್ವರಯ್ಯನವರ ಹೆಸರನ್ನೂ ಕೇಳದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಾರನು. ಆದರೆ ಎರಡು ವರ್ಷಕ್ಕಿಂತಲೂ ಕಡಮೆ ಕಾಲ ಮೈಸೂರಿನ ದಿವಾನರಾಗಿದ್ದು ತೀರಿಕೊಂಡ ಸಿ. ರಂಗಾಚಾರ್ಲು ಅವರನ್ನು ನೆನೆಯುವವರು ವಿರಳ. ಜಯನಗರ, ಬನಶಂಕರಿಗಳ ರಸ್ತೆಗಳಲ್ಲಿ ದಿನವೂ ನಡೆದಾಡುವ ನಾನು ಅವರ ಹೆಸರಿನ ಒಂದು ಫಲಕವನ್ನೂ ಕಂಡಿಲ್ಲ.

ನನಗೆ ಅವರ ಪರಿಚಯವಾದದ್ದು ಅಮೆರಿಕದ ದಾರಿಯಿಂದ. ಆ ದೇಶ ಸ್ವತಂತ್ರವಾಗಿ ಗಣರಾಜ್ಯ ಕಟ್ಟಿಕೊಂಡ ಮೊದಲ ವರ್ಷಗಳಲ್ಲಿ ಅಲ್ಲಿಯ ಬಹುತೇಕ ರಾಜ್ಯಗಳಲ್ಲಿ ಮತದ ಹಕ್ಕು ಆಸ್ತಿಯುಳ್ಳ ಬಿಳಿಯ ಗಂಡಸರಿಗೆ ಮೀಸಲಾಗಿತ್ತು. ಆಂಡ್ರೂ ಜಾಕ್ಸನ್ ಅಧ್ಯಕ್ಷರಾಗಿದ್ದ 1830ರ ದಶಕದ ಹೊತ್ತಿಗೆ ಆಸ್ತಿಯ ಕಟ್ಟಳೆ ಸಡಿಲವಾಗಿ ಬಡ ಬಿಳಿಯರಿಗೂ ಮತ ಬಂದಿತು, ಗುಲಾಮರಿಗೆ ಬರಲಿಲ್ಲ, ಹೆಂಗಸರು ದೇಶದಾದ್ಯಂತ ಆ ಹಕ್ಕು ಪಡೆಯಲು 1920ರ ವರೆಗೆ ಕಾಯಬೇಕಾಯಿತು. ಈ ಪಾಠವನ್ನು ಓದುತ್ತಿದ್ದಾಗ, ನಮ್ಮ ನಾಡಿನಲ್ಲಿ ಇದೆಲ್ಲ ಎಂದು ಆರಂಭವಾಯಿತೆಂದು ನಮ್ಮ ಅಧ್ಯಾಪಕರನ್ನು ಕೇಳಿದೆನು. ಅವರು ಹೇಳಿದ ಮೊದಲ ಹೆಸರೇ ರಂಗಾಚಾರ್ಲು.

ಅವರು ಹುಟ್ಟಿದ್ದು 1831ರಲ್ಲಿ, ಮದರಾಸಿನ ಹತ್ತಿರದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಇದೊಂದು ವಿಚಿತ್ರವಾದ ವರ್ಷ. ನಗರದ ರೈತರ ದಂಗೆಯನ್ನು ಕಾರಣ ಮಾಡಿಕೊಂಡು ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡದ್ದೂ ಅದೇ ವರ್ಷ. ಕಿತ್ತುಕೊಂಡ ರಾಜ್ಯ ಐವತ್ತು ವರ್ಷಗಳ ಮೇಲೆ ಒಡೆಯರ ವಂಶಕ್ಕೆ ಹಿಂದಿರುಗಿದಾಗ ಅದನ್ನು ನಡೆಸುವ ಹೊಣೆ ಬಿದ್ದದ್ದು ಆ ವರ್ಷ ಹುಟ್ಟಿದ ಈ ಮಗುವಿನ ಹೆಗಲ ಮೇಲೆ!

ಮದರಾಸಿನಲ್ಲಿ ಇಂಗ್ಲಿಷ್ ಓದಿ, ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ಇನಾಮು ಭೂಮಿಗಳ ಇತ್ಯರ್ಥದ ಕೆಲಸದಲ್ಲಿ ಹೆಸರು ಪಡೆದರು. 1868ರಲ್ಲಿ ಮುಮ್ಮಡಿಯವರು ಕಾಲವಾದಾಗ ಅರಮನೆಯ ಲೆಕ್ಕಪತ್ರಗಳನ್ನು ಒಪ್ಪಮಾಡಲು ಒಬ್ಬ ಸಮರ್ಥ ಬೇಕಾಗಿ ಇವರನ್ನು ಮೈಸೂರಿಗೆ ಕರೆಸಿಕೊಂಡರು. ಬಂದವರು ಇಲ್ಲಿಯವರೇ ಆದರು. ಎಷ್ಟರಮಟ್ಟಿಗೆ ಎಂದರೆ, 1874ರಲ್ಲಿ ಬ್ರಿಟಿಷರ ಮೈಸೂರು ಆಡಳಿತವನ್ನು ವಿಮರ್ಶಿಸಿ ಲಂಡನ್ನಿನಲ್ಲಿ ಒಂದು ಕಿರುಹೊತ್ತಗೆಯನ್ನು ಅಚ್ಚುಹಾಕಿಸಿದಾಗ ಅದರ ಮೇಲೆ ತಮ್ಮ ಹೆಸರನ್ನು ಹಾಕದೆ, ಮೈಸೂರಿನ ಸ್ಥಳೀಯನೊಬ್ಬನು ಬರೆದದ್ದೆಂದು ಮಾತ್ರ ಹಾಕಿದರು. ದೊಡ್ಡ ಹುದ್ದೆಗಳೆಲ್ಲ ಭಾರೀ ಸಂಬಳದ ಐರೋಪ್ಯರಿಗೆ ಹೋಗುತ್ತಿದ್ದುದನ್ನು ಅದರಲ್ಲಿ ಖಂಡಿಸಿದ್ದರು. ಸರ್ಕಾರದ ಅನ್ನ ಉಣ್ಣುತ್ತಲೇ ಸರ್ಕಾರದ ತಪ್ಪನ್ನು ಎತ್ತಿ ಹೇಳುವುದು ಎಂದಿಗೂ ಸುಲಭದ ಮಾತಲ್ಲ.

ಅಷ್ಟರಲ್ಲಿ ಧಾತು–ಈಶ್ವರ ಸಂವತ್ಸರಗಳ ಬರ ಬಂದಿತು. 1876ರಿಂದ 1878ರ ವರೆಗಿನ ಆ ಕ್ಷಾಮವನ್ನು ನಾನು ಪುಸ್ತಕದಿಂದ ಮಾತ್ರ ತಿಳಿದವಳಲ್ಲ. ನಮ್ಮ ಹಿರಿಯರ ಊರು ಹೊಸದುರ್ಗದ ಕಡೆಯದು. ಕತ್ತಾಳೆಯ ಗೆಡ್ಡೆಯನ್ನೂ ಹುಲ್ಲಿನ ಬೀಜವನ್ನೂ ಬೇಯಿಸಿ ತಿಂದ ಕಥೆಯನ್ನು ನಮ್ಮಜ್ಜಿ ತಾನೇ ಕಂಡವಳಂತೆ ಹೇಳುತ್ತಿದ್ದಳು. ಅವಳಿಗೆ ಅವಳ ಅಜ್ಜಿ ಹೇಳಿದ್ದಂತೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 42 ಲಕ್ಷ.

ಇಂಥ ನಾಡನ್ನು 1881ರ ಮಾರ್ಚಿ 25ರಂದು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರ ಕೈಗೆ ಒಪ್ಪಿಸಿದರು. ಅಂದರೆ ನಮ್ಮ ಮೊದಲ ವರ್ಷದ ವಿದ್ಯಾರ್ಥಿಯ ವಯಸ್ಸು. ರಂಗಾಚಾರ್ಲು ದಿವಾನರಾದರು. ಬೊಕ್ಕಸದಲ್ಲಿ ಇದ್ದದ್ದು ಬರಗಾಲದ 80 ಲಕ್ಷ ರೂಪಾಯಿ ಸಾಲ. ಅದುವರೆಗೆ ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಬ್ರಿಟಿಷರ ಕಪ್ಪವನ್ನು 35 ಲಕ್ಷಕ್ಕೆ ಏರಿಸಿ, ಏರಿಸಿದ ಭಾಗಕ್ಕೆ ಐದು ವರ್ಷದ ಗಡುವನ್ನು ಮಾತ್ರ ಕೊಟ್ಟಿದ್ದರು. ದಿವಾನರು ಖರ್ಚಿಗೆ ಕತ್ತರಿ ಹಿಡಿದರು. ಎಂಟು ಜಿಲ್ಲೆಗಳು ಆರಾದವು. ಹಾಸನವೂ ನಮ್ಮ ಚಿತ್ರದುರ್ಗವೂ ಜಿಲ್ಲೆಯ ಪದವಿಯನ್ನು ಕಳೆದುಕೊಂಡವು. ಬರದಲ್ಲಿ ಅರ್ಧ ಸತ್ತ ಸೀಮೆಯ ಬಡ ರೈತನಿಗೆ ಕಚೇರಿಯನ್ನೂ ದೂರ ಮಾಡಿದ್ದು ಸರಿಯೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಅವರ ತರುವಾಯ 1886ರಲ್ಲಿ ಎರಡು ಜಿಲ್ಲೆಗಳೂ ಮರಳಿ ಬಂದವು. ಬೆಂಗಳೂರಿನಿಂದ ಮೈಸೂರಿಗೆ ರೈಲು ಮಾರ್ಗ ಪೂರ್ತಿಯಾದದ್ದು 1882ರಲ್ಲಿ, ಅವರ ಕಾಲದಲ್ಲಿಯೇ.

ಆದರೆ ಅವರು ಚರಿತ್ರೆಯಲ್ಲಿ ನಿಂತದ್ದು ಮಿತವ್ಯಯದಿಂದಲ್ಲ, ರೈಲಿನಿಂದಲೂ ಅಲ್ಲ. ಅಧಿಕಾರಕ್ಕೆ ಬಂದ ಐದೇ ತಿಂಗಳಲ್ಲಿ, 1881ರ ಆಗಸ್ಟ್ 25ರಂದು, ಪ್ರಜಾಪ್ರತಿನಿಧಿ ಸಭೆಯನ್ನು ಕರೆಯುವ ಆಜ್ಞೆ ಹೊರಟಿತು. ಅದೇ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, 144 ಮಂದಿ ಮೈಸೂರಿನಲ್ಲಿ ಸೇರಿದರು. ಪ್ರತಿ ತಾಲ್ಲೂಕಿನಿಂದ ಇಬ್ಬರು ಜಮೀನುಳ್ಳ ರೈತರು, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ವರ್ತಕರು. ರಾಜ್ಯದ ಆದಾಯವೆಷ್ಟು, ವೆಚ್ಚವೆಷ್ಟು, ಸರ್ಕಾರ ಏನು ಮಾಡಿದೆ, ಮುಂದೆ ಏನು ಮಾಡಲಿದೆ ಎಂಬುದನ್ನೆಲ್ಲ ದಿವಾನರು ಅವರ ಮುಂದಿಟ್ಟರು. ಅದುವರೆಗೆ ಲೆಕ್ಕ ಕೇಳುವುದು ಸರ್ಕಾರದ ಕೆಲಸವಾಗಿತ್ತು, ಒಪ್ಪಿಸುವುದು ರೈತನ ಕೆಲಸ. ಶಾನುಭೋಗರ ಎದುರು ಕೈಕಟ್ಟಿ ನಿಲ್ಲುತ್ತಿದ್ದವರ ಮುಂದೆ ದಿವಾನರೇ ನಿಂತು ಲೆಕ್ಕ ಒಪ್ಪಿಸಿದ ಆ ದಿನವನ್ನು ಊಹಿಸಿಕೊಂಡಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಇಂಥದು ಹಿಂದೆ ನಡೆದಿರಲಿಲ್ಲ. ಕಾಂಗ್ರೆಸ್ ಮಹಾಸಭೆ ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದವು. ಯಾವ ಚಳವಳಿಯೂ ಅವರನ್ನು ಇದಕ್ಕೆ ಒತ್ತಾಯಿಸಿರಲಿಲ್ಲ ಎಂಬುದು ಗಮನಿಸತಕ್ಕ ವಿಷಯ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾನು ಪ್ರಾಮಾಣಿಕಳಾಗಲಾರೆ. ಆ ಸಭೆಗೆ ಅಧಿಕಾರವೇನೂ ಇರಲಿಲ್ಲ. ಕೇಳಬಹುದಿತ್ತು, ಕಷ್ಟ ಹೇಳಿಕೊಳ್ಳಬಹುದಿತ್ತು, ಅಷ್ಟೆ. ಬಂದವರನ್ನು ಜನರು ಚುನಾಯಿಸಿರಲಿಲ್ಲ. ಚುನಾವಣೆ ಬಂದದ್ದು ಹತ್ತು ವರ್ಷಗಳ ಮೇಲೆ. ಬಂದಾಗಲೂ ಕಂದಾಯ ಕಟ್ಟುವವರಿಗೆ, ಆಸ್ತಿಯುಳ್ಳವರಿಗೆ, ಪದವೀಧರರಿಗೆ ಮಾತ್ರ. ನನ್ನ ಮುತ್ತಾತನ ತಂದೆಗೆ ಗೇಣು ಭೂಮಿ ಇರಲಿಲ್ಲ. ಗೌಡರ ಹೊಲದಲ್ಲಿ ಜೀತಕ್ಕಿದ್ದನೆಂದು ಕೇಳಿದ್ದೇನೆ. ಅವನಿಗೆ ಆ ಸಭೆಯ ಸುದ್ದಿಯಾದರೂ ಮುಟ್ಟಿತ್ತೋ ಇಲ್ಲವೋ. ಜಾಕ್ಸನ್ನನ ಅಮೆರಿಕದಲ್ಲಿ ಹೊರಗೆ ನಿಂತವರು ಯಾರೆಂಬುದನ್ನು ನಾನು ಪರೀಕ್ಷೆಗೆ ಚೆನ್ನಾಗಿ ಬರೆದಿದ್ದೆ. ಮೈಸೂರಿನಲ್ಲಿ ಹೊರಗೆ ನಿಂತವರು ಯಾರೆಂದು ನೋಡಿದಾಗ ನಮ್ಮ ಮನೆಯವರೇ ಕಂಡರು. ಕೆಲವು ದಿನ ಈ ಲೇಖನವನ್ನು ಬರೆಯುವುದೇ ಬೇಡವೆಂದು ಬಿಟ್ಟಿದ್ದೆನು.

ಮತ್ತೆ ಕೈಗೆತ್ತಿಕೊಂಡದ್ದಕ್ಕೆ ಕಾರಣ ಆ ಸಭೆಯ ಮುಂದಿನ ಕಥೆ. ರಂಗಾಚಾರ್ಲು ಎರಡೇ ಅಧಿವೇಶನಗಳನ್ನು ನಡೆಸಿ, 1883ರ ಜನವರಿ 20ರಂದು ಮದರಾಸಿನಲ್ಲಿ ತೀರಿಕೊಂಡರು. ವಯಸ್ಸು ಐವತ್ತೆರಡೂ ದಾಟಿರಲಿಲ್ಲ. ಸ್ಥಾಪಿಸಿದವರೊಡನೆ ಸಭೆಯೂ ಅಳಿಯಬಹುದಿತ್ತು. ಮುಂದಿನ ದಿವಾನರಾದ ಶೇಷಾದ್ರಿ ಅಯ್ಯರವರು ಅದನ್ನು ಮುಂದುವರಿಸಿದರು. ಒಮ್ಮೆ ಲೆಕ್ಕ ಕೇಳಿ ರುಚಿ ಕಂಡವರನ್ನು ಮನೆಗೆ ಕಳಿಸುವುದು ಕಷ್ಟವಲ್ಲವೆ? 1923ರ ಕಾಯಿದೆ ಹೆಂಗಸರಿಗೂ ಮತ ಕೊಟ್ಟಿತು, ಅವರಿಗೂ ಅರ್ಹತೆಯ ಕಟ್ಟಳೆಗಳು ಇದ್ದೇ ಇದ್ದವು. 1949ರಲ್ಲಿ ಆ ಸಭೆ ವಿಸರ್ಜನೆಯಾಯಿತು. ಅನಂತರದ ಮೊದಲ ಮಹಾ ಚುನಾವಣೆಯಲ್ಲಿ ಭೂಮಿಯಿಲ್ಲದ, ಅಕ್ಷರವಿಲ್ಲದ ನನ್ನ ಮುತ್ತಾತ ಮತ ಹಾಕಿದನು. 2024ರ ಏಪ್ರಿಲ್ 26ರಂದು ನಾನು ನಮ್ಮ ಬಡಾವಣೆಯ ಶಾಲೆಯಲ್ಲಿ ಸರದಿಯಲ್ಲಿ ನಿಂತು ಮೊದಲ ಮತ ಹಾಕಿದೆನು. ನನ್ನ ಹಿಂದೆ ನಿಂತಿದ್ದವಳು ನಮ್ಮಮ್ಮ, ಜೆ.ಪಿ. ನಗರದ ನಾಲ್ಕು ಮನೆಗಳ ಕೆಲಸ ಮುಗಿಸಿ ಬಂದಿದ್ದಳು.

ರಂಗಾಚಾರ್ಲು ಅವರ ಸ್ಮಾರಕವಾಗಿ ಮೈಸೂರಿನಲ್ಲಿ ಪುರಭವನವನ್ನು ಕಟ್ಟಿದ್ದಾರೆ. 1884ರಲ್ಲಿ ಮಹಾರಾಜರೇ ಅದಕ್ಕೆ ಅಡಿಗಲ್ಲು ಹಾಕಿದರು. ಕಳೆದ ದಸರಾ ರಜೆಯಲ್ಲಿ ಅಪ್ಪನನ್ನು ಕರೆದುಕೊಂಡು ಹೋಗಿ ನೋಡಿ ಬಂದೆನು. ಭವನದ ಮುಂದೆ ಅಂಬೇಡ್ಕರರ ಪ್ರತಿಮೆಯಿದೆ. ಅಪ್ಪ ಚಪ್ಪಲಿ ಬಿಟ್ಟು ಅದಕ್ಕೆ ಕೈಮುಗಿದರು. ಅವರದು ಗಾರೆ ಕೆಲಸ. ಆಮೇಲೆ ಭವನದ ಕಂಬಗಳ ಹತ್ತಿರ ಹೋಗಿ, ಗಾರೆಯನ್ನು ಬೆರಳಿನಿಂದ ತಟ್ಟಿ ನೋಡಿ, ಒಳ್ಳೆಯ ಕೆಲಸವೆಂದರು. ಇದು ಯಾರ ಹೆಸರಿನದೆಂದು ಕೇಳಿದರು. ಹೇಳುವುದಕ್ಕೆ ಬಹಳವಿದ್ದುದರಿಂದ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಕೊಂಡೆವು.