ಕೊಪ್ಪಳದ ಕಂದಾಯ, ಜಪಾನಿನ ತಟ್ಟೆ

ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೈದರಾಬಾದಿಗೆ ಹೋಗಿದ್ದೆ. ಬಸ್ಸಿಗೆ ಹೊತ್ತಿತ್ತು, ಸಾಲಾರ್ ಜಂಗ್ ಮ್ಯೂಸಿಯಂ ಹೊಕ್ಕೆ. ಎಲ್ಲರೂ ಗಂಟೆ ಬಾರಿಸುವ ಗಡಿಯಾರದತ್ತ ಓಡಿದರು, ನಾನು ಜಪಾನಿನ ಪಿಂಗಾಣಿಯ ಮುಂದೆ ನಿಂತೆ. ನೀಲಿ, ಕೆಂಪು, ಬಂಗಾರದ ಬಣ್ಣದ ಇಮಾರಿ ತಟ್ಟೆಗಳು. ಅರಿಟಾದ ಭಟ್ಟಿಯಲ್ಲಿ ಸುಟ್ಟು ಇಮಾರಿ ಬಂದರಿನಿಂದ ಸಾಗಿಸುತ್ತಿದ್ದರಿಂದ ಆ ಹೆಸರು. 17ನೇ ಶತಮಾನದಲ್ಲಿ ಡಚ್ಚರು ಯುರೋಪಿಗೆ ಒಯ್ದು ಮಾರುತ್ತಿದ್ದ ಮಾಲು.

ಇದನ್ನೆಲ್ಲ ಕೂಡಿಸಿದವರು ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್. 1889ರಲ್ಲಿ ಹುಟ್ಟಿದವರು. 1912ರಲ್ಲಿ, ನನಗಿಂತ ಮೂರೇ ವರ್ಷ ದೊಡ್ಡವರಿದ್ದಾಗ, ನಿಜಾಮರ ದಿವಾನರಾದರು. 1914ರಲ್ಲಿ ಹುದ್ದೆ ಬಿಟ್ಟರು. ಆಮೇಲೆ ಕೊಳ್ಳುವುದೇ ಬದುಕು. ಮದುವೆಯಾಗಲಿಲ್ಲ. 1949ರಲ್ಲಿ ತೀರಿಕೊಂಡಾಗ ದೇವಡಿಯ ತುಂಬ ಸಾಮಾನು. 1951ರಲ್ಲಿ ನೆಹರೂ ಅಲ್ಲಿಯೇ ಮ್ಯೂಸಿಯಂ ಉದ್ಘಾಟಿಸಿದರು.

ಆದರೆ ಕೊಪ್ಪಳ ಅವರ ಮನೆತನದ ಜಹಗೀರು. ಅಂದರೆ ನಮ್ಮ ಕಡೆಯ ರೈತರ ಬೆವರೂ ಈ ಗಾಜಿನ ಕಪಾಟುಗಳ ಒಳಗಿದೆ. ನಮ್ಮೂರು ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಕಣ್ಮುಚ್ಚುವ ಮುಂಚೆ ಆಸ್ತಿಯನ್ನು ಹುಡುಗರ ಓದಿಗೆ ಬರೆದಿಟ್ಟರು. ಊರಲ್ಲಿ ಅದನ್ನು ಕೇಳುತ್ತಲೇ ಬೆಳೆದ ನನಗೆ ಒಳಗೊಳಗೇ ಸಿಟ್ಟು ಬಂತು.

ಆದರೂ ಆ ತಟ್ಟೆಗಳಿಂದ ಕಣ್ಣು ಕೀಳಲಾಗಲಿಲ್ಲ. ಕಾವಲುಗಾರ ಬಾಗಿಲು ಹಾಕಬೇಕೆಂದ ಮೇಲೆಯೇ ಹೊರಬಿದ್ದೆ. ಬಸ್ಸು ತಪ್ಪಿತ್ತು.