ಹಸಿ ಹಾಲು, ಒಂದು ಸಹಿ ಮತ್ತು ಆಲಿಸ್ ಇವಾನ್ಸ್

ಹಸಿ ಹಾಲೇ ಶ್ರೇಷ್ಠ, ಕಾಯಿಸಿದ್ರೆ ಸತ್ವವೆಲ್ಲ ಹೋಗುತ್ತೆ ಅನ್ನೋ ವಿಡಿಯೊ ಮೊಬೈಲಿಗೆ ಬಂದಾಗೆಲ್ಲ ನನಗೆ ಆಲಿಸ್ ಇವಾನ್ಸ್ ನೆನಪಾಗ್ತಾರೆ.

1881ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವರು. ಕಾಲೇಜಿಗೆ ದುಡ್ಡಿಲ್ಲದೆ ನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿದರು. ಹಳ್ಳಿ ಶಿಕ್ಷಕರಿಗಾಗಿ ಕಾರ್ನೆಲ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಉಚಿತ ಕೋರ್ಸಿಗೆ ಹೋದವರು ಬ್ಯಾಕ್ಟೀರಿಯಾ ವಿಜ್ಞಾನ ಹಿಡಿದರು. ಮುಂದೆ ವಿಸ್ಕಾನ್ಸಿನ್‌ನಲ್ಲಿ ಸ್ನಾತಕೋತ್ತರ ಪದವಿ, ಆಮೇಲೆ ಕೃಷಿ ಇಲಾಖೆಯ ಡೈರಿ ವಿಭಾಗದಲ್ಲಿ ಕೆಲಸ. ಪಿಎಚ್‌ಡಿ ಮಾಡಲಿಲ್ಲ.

1913ರಲ್ಲಿ ವಾಷಿಂಗ್ಟನ್‌ಗೆ ಬಂದರು. ಆಗ ತಾನೇ ಕರೆದ ಹಾಲಿನಲ್ಲಿ ಯಾವ ಬ್ಯಾಕ್ಟೀರಿಯಾ ಇರುತ್ತವೆ ಅನ್ನೋದು ಅವರ ಅಧ್ಯಯನ. ದನಗಳಲ್ಲಿ ಗರ್ಭಪಾತ ಮಾಡಿಸುವ ಬ್ಯಾಕ್ಟೀರಿಯಾ ಬೇರೆ, ಮೇಕೆ ಹಾಲಿನಿಂದ ಮನುಷ್ಯರಿಗೆ ಮಾಲ್ಟಾ ಜ್ವರ ತರುವುದು ಬೇರೆ ಅಂತ ಎಲ್ಲರೂ ನಂಬಿದ್ದ ಕಾಲ. ಇವಾನ್ಸ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದರು. ಅವು ಹತ್ತಿರದ ಸಂಬಂಧಿಗಳು. ಅಂದರೆ ಹಸುವಿನ ಹಸಿ ಹಾಲೂ ಮನುಷ್ಯರನ್ನು ಮಲಗಿಸಬಹುದು. ಪ್ಯಾಶ್ಚರೀಕರಣ ಬೇಕೇ ಬೇಕು. 1917ರಲ್ಲಿ ಇದನ್ನು ವಿಜ್ಞಾನಿಗಳ ಸಭೆಯಲ್ಲಿ ಹೇಳಿದರು, 1918ರಲ್ಲಿ ಪ್ರಕಟಿಸಿದರು.

ನಂಬಿದವರು ಕಡಿಮೆ. ನಿಜವಾಗಿದ್ದರೆ ಇಷ್ಟೊತ್ತಿಗೆ ಬೇರೆ ಯಾರಾದ್ರೂ ಕಂಡುಹಿಡೀತಿದ್ದರು ಅನ್ನೋದು ಒಂದು ವಾದ. ಡೈರಿ ಉದ್ಯಮಕ್ಕೆ ಸಿಟ್ಟು. ಥಿಯೋಬಾಲ್ಡ್ ಸ್ಮಿತ್‌ರಂಥ ದೊಡ್ಡ ವಿಜ್ಞಾನಿಯೇ ಒಪ್ಪಲಿಲ್ಲ. ಪ್ರಯೋಗವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಿತ್ತು. ಆದರೆ ಜನ ಮೊದಲು ನೋಡಿದ್ದು ಡೇಟಾವನ್ನಲ್ಲ, ಪಿಎಚ್‌ಡಿ ಇಲ್ಲದ ಹೆಂಗಸನ್ನು. 1920ರಲ್ಲಿ ಕ್ಯಾಲಿಫೋರ್ನಿಯಾದ ಪ್ರಯೋಗಾಲಯವೊಂದು ಅದನ್ನೇ ಖಚಿತಪಡಿಸಿತು. ಆಮೇಲೆ ಒಂದೊಂದೇ ದನಿ ತಗ್ಗಿತು.

1922ರಲ್ಲಿ ಅದೇ ಸೋಂಕು ಅವರಿಗೇ ತಗುಲಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಬಂದು ಹೋಗುತ್ತಾ ಕಾಡಿತು. ವೈದ್ಯರು ಎಷ್ಟೋ ಕಾಲ ಅದನ್ನು ನರದೌರ್ಬಲ್ಯ ಅಂದುಕೊಂಡರು. ಅಂದರೆ ಕಾಯಿಲೆಯನ್ನು ಕಂಡುಹಿಡಿದವರ ಮಾತಿಗೂ ಬೆಲೆಯಿಲ್ಲ, ಅನುಭವಿಸಿದವರ ಮಾತಿಗೂ ಬೆಲೆಯಿಲ್ಲ! ಅದರ ನಡುವೆಯೇ 1928ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದರು. 1930ರ ದಶಕದಲ್ಲಿ ಪ್ಯಾಶ್ಚರೀಕರಣದ ನಿಯಮಗಳು ಅಲ್ಲಿ ಹರಡಿದವು.

ನನಗೆ ಇನ್ನೂ ಇಷ್ಟವಾಗೋದು ಕೊನೆಯ ಅಧ್ಯಾಯ. 1966ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಸರ್ಕಾರಿ ಆರೋಗ್ಯ ವಿಮೆಯ ಅರ್ಜಿ ತುಂಬುವಾಗ ಕಮ್ಯುನಿಸ್ಟ್ ಸಂಘಟನೆಗಳ ನಂಟಿಲ್ಲ ಅಂತ ಬರೆದುಕೊಡಬೇಕಿತ್ತು. ಇವಾನ್ಸ್ ಒಪ್ಪಲಿಲ್ಲ, ಅದನ್ನು ಪ್ರಶ್ನಿಸಿದರು. 1967ರಲ್ಲಿ ಆ ಷರತ್ತು ಸಂವಿಧಾನಬಾಹಿರ ಅಂತ ಸರ್ಕಾರದ ನ್ಯಾಯ ಇಲಾಖೆಯೇ ಒಪ್ಪಿಕೊಂಡಿತು. 1975ರಲ್ಲಿ ತೀರಿಕೊಂಡರು.

ಹಾಲಿನ ಜಗಳ, ಸಹಿಯ ಜಗಳ ನನಗೆ ಬೇರೆ ಬೇರೆ ಅನಿಸೋದಿಲ್ಲ. ಎರಡರಲ್ಲೂ ಎದುರಿನವರು ಕೇಳಿದ್ದು ನೀನು ಯಾರು ಅಂತ. ಹೇಳ್ತಿರೋದು ನಿಜವೇ, ಕೇಳ್ತಿರೋದು ನ್ಯಾಯವೇ ಅಂತ ಮಾತ್ರ ನೋಡಿ ಅನ್ನೋದು ಇವಾನ್ಸ್ ಹಟ.