ರಾಬರ್ಟ್ ಬ್ರೆಸ್ಸನ್

ರಾಬರ್ಟ್ ಬ್ರೆಸ್ಸನ್ (೨೫ ಸೆಪ್ಟೆಂಬರ್ ೧೯೦೧ – ೧೮ ಡಿಸೆಂಬರ್ ೧೯೯೯) ಫ್ರಾನ್ಸ್ ದೇಶದ ಪ್ರಸಿದ್ಧ ಚಲನಚಿತ್ರ ನಿರ್ದೇಶಕರು. ೧೯೪೩ರಿಂದ ೧೯೮೩ರವರೆಗಿನ ನಲವತ್ತು ವರ್ಷಗಳಲ್ಲಿ ಇವರು ನಿರ್ದೇಶಿಸಿದ ಪೂರ್ಣಾವಧಿ ಚಿತ್ರಗಳು ೧೩ ಮಾತ್ರ. ಮನುಷ್ಯನು ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುತ್ತಾನೆಯೇ ಅಥವಾ ಅದನ್ನು ದೇವರು ಮೊದಲೇ ಗೊತ್ತುಮಾಡಿರುತ್ತಾನೆಯೇ ಎಂಬುದು ಕ್ರೈಸ್ತ ಧರ್ಮಶಾಸ್ತ್ರದ ಹಳೆಯ ಪ್ರಶ್ನೆ. ಈ ಪ್ರಶ್ನೆಯನ್ನು ಚಲನಚಿತ್ರ ಮಾಧ್ಯಮದಲ್ಲಿ ನಿರಂತರವಾಗಿ ಕೈಗೆತ್ತಿಕೊಂಡ ಕಲಾವಿದರಲ್ಲಿ ಬ್ರೆಸ್ಸನ್ ಅಗ್ರಗಣ್ಯರು.

ಆರಂಭದ ಜೀವನ

ಬ್ರೆಸ್ಸನ್ ಮಧ್ಯ ಫ್ರಾನ್ಸಿನ ಪುಯಿ-ದ-ದೋಮ್ ಪ್ರಾಂತ್ಯದ ಬ್ರೋಮೋಂ-ಲಾಮೋತ್ ಎಂಬ ಊರಿನಲ್ಲಿ ಜನಿಸಿದರು. ಪ್ಯಾರಿಸ್ ಸಮೀಪದ ಸೋ ಪಟ್ಟಣದ ಲಕನಾಲ್ ಶಾಲೆಯಲ್ಲಿ ವ್ಯಾಸಂಗ ಮಾಡಿದರು. ಮೊದಲು ಅವರು ಆರಿಸಿಕೊಂಡದ್ದು ಚಿತ್ರಕಲೆಯನ್ನು. ೧೯೩೪ರಲ್ಲಿ ‘ಅಫೇರ್ ಪುಬ್ಲಿಕ್’ ಎಂಬ ಕಿರು ಹಾಸ್ಯಚಿತ್ರವನ್ನು ನಿರ್ಮಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕಿ ಒಂದು ವರ್ಷಕ್ಕೂ ಹೆಚ್ಚು ಕಾಲ ಯುದ್ಧಕೈದಿಯಾಗಿದ್ದರು. ಕಂಬಿ, ಗೋಡೆ, ಬೀಗ ಮತ್ತು ಬಾಗಿಲುಗಳು ಅವರ ಮುಂದಿನ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಅವರ ಮೊದಲ ಪೂರ್ಣಾವಧಿ ಚಿತ್ರ ‘ಲೆಸ್ ಆಂಜ್ ದ್ಯು ಪೆಷೆ’ (೧೯೪೩). ಸೆರೆಮನೆಯಿಂದ ಬಿಡುಗಡೆಯಾದ ಹೆಂಗಸರಿಗೆ ಆಶ್ರಯ ಕೊಡುವ ಡೊಮಿನಿಕನ್ ಸನ್ಯಾಸಿನಿಯರ ಮಠವೊಂದು ಅದರ ಹಿನ್ನೆಲೆ. ಎರಡನೆಯ ಚಿತ್ರ ‘ಲೆ ದಾಮ್ ದ್ಯು ಬ್ವಾ ದ ಬುಲೋನ್ಯ್’ (೧೯೪೫). ಇದಕ್ಕೆ ಕವಿ ಝಾನ್ ಕಾಕ್ತೋ ಸಂಭಾಷಣೆ ಬರೆದರು. ಕಥೆಯನ್ನು ದಿದೆರೋನ ‘ವಿಧಿವಾದಿ ಝಾಕ್’ ಎಂಬ ಕಾದಂಬರಿಯ ಒಂದು ಉಪಕಥೆಯಿಂದ ಎತ್ತಿಕೊಳ್ಳಲಾಗಿತ್ತು. ನಡೆಯುವುದೆಲ್ಲವೂ ಮೇಲೆ ಬರೆದಿಟ್ಟಂತೆಯೇ ನಡೆಯುತ್ತದೆ ಎಂದು ನಂಬಿದ ಸೇವಕನೊಬ್ಬ ಆ ಕಾದಂಬರಿಯ ನಾಯಕ.

ಧಾರ್ಮಿಕ ಹಿನ್ನೆಲೆ

ಬ್ರೆಸ್ಸನ್‌ರ ಚಿತ್ರಗಳನ್ನು ಅರಿಯಲು ಕ್ರೈಸ್ತರ ‘ಪೂರ್ವನಿರ್ಣಯ’ ತತ್ತ್ವದ ಪರಿಚಯ ಅಗತ್ಯ. ನಮ್ಮಲ್ಲಿ ಹಣೆಬರಹ, ಪ್ರಾರಬ್ಧ ಎಂಬ ಮಾತುಗಳಿವೆ. ಪ್ರಾರಬ್ಧವು ಜೀವಿಯ ಹಿಂದಿನ ಕರ್ಮಗಳ ಫಲ. ಪೂರ್ವನಿರ್ಣಯವು ಹಾಗಲ್ಲ. ಯಾರಿಗೆ ಮೋಕ್ಷ ಲಭಿಸಬೇಕೆಂಬುದನ್ನು ದೇವರು ಅವರ ಅರ್ಹತೆಯನ್ನು ಲೆಕ್ಕಿಸದೆ, ತನ್ನ ಕೃಪೆಯಿಂದ ಮಾತ್ರ ಮೊದಲೇ ನಿಶ್ಚಯಿಸಿರುತ್ತಾನೆ ಎಂಬುದು ಅದರ ಸಾರ.

ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನ್, ಮನುಷ್ಯನು ಸ್ವಪ್ರಯತ್ನದಿಂದಲೇ ಒಳ್ಳೆಯವನಾಗಬಲ್ಲನೆಂಬ ಪೆಲೇಜಿಯಸ್‌ನ ವಾದವನ್ನು ವಿರೋಧಿಸಿ ಕೃಪೆಯ ಅನಿವಾರ್ಯತೆಯನ್ನು ಪ್ರತಿಪಾದಿಸಿದನು. ಹದಿನಾರನೆಯ ಶತಮಾನದಲ್ಲಿ ಕ್ಯಾಲ್ವಿನ್ ಆ ವಿಚಾರವನ್ನು ಪ್ರಾಟೆಸ್ಟೆಂಟ್ ಪಂಥದಲ್ಲಿ ಕಟ್ಟುನಿಟ್ಟಾಗಿ ಮುಂದುವರಿಸಿದನು. ಕ್ಯಾಥೋಲಿಕರಲ್ಲಿ ಇದೇ ಜಾಡಿನಲ್ಲಿ ನಡೆದವನು ಈಪ್ರ್ ನಗರದ ಬಿಷಪ್ ಕಾರ್ನೆಲಿಯಸ್ ಜಾನ್ಸನ್ (೧೫೮೫–೧೬೩೮). ಅಗಸ್ಟೀನನ ಬೋಧನೆಯನ್ನು ಕುರಿತ ಅವನ ಗ್ರಂಥ ಅವನ ಮರಣಾನಂತರ ೧೬೪೦ರಲ್ಲಿ ಪ್ರಕಟವಾಯಿತು. ಅದರಿಂದ ಹುಟ್ಟಿದ ಪಂಥವೇ ಜಾನ್ಸನಿಸಂ. ಗಣಿತಜ್ಞನೂ ಚಿಂತಕನೂ ಆಗಿದ್ದ ಬ್ಲೇಸ್ ಪಾಸ್ಕಲ್ (೧೬೨೩–೧೬೬೨) ಈ ಪಂಥದ ನೆಲೆಯಾಗಿದ್ದ ಪೋರ್ ರಾಯಲ್ ಮಠದ ಪರವಾಗಿ ಬರೆದನು. ಇಚ್ಛಾಸ್ವಾತಂತ್ರ್ಯಕ್ಕೆ ಎಡೆಯಿಲ್ಲದಂತೆ ಮಾಡುತ್ತದೆಂಬ ಕಾರಣದಿಂದ ಪೋಪ್ ೧೬೫೩ರಲ್ಲಿ ಈ ಪಂಥದ್ದೆನ್ನಲಾದ ಐದು ವಾಕ್ಯಗಳನ್ನು ಖಂಡಿಸಿದರು. ಕೃಪೆ ದೇವರದು, ಆದರೆ ಅದನ್ನು ಸ್ವೀಕರಿಸುವ ಅಥವಾ ನಿರಾಕರಿಸುವ ಸ್ವಾತಂತ್ರ್ಯ ಮನುಷ್ಯನದು ಎಂಬುದು ಕ್ಯಾಥೋಲಿಕ್ ಧರ್ಮಸಭೆಯ ನಿಲುವು.

ವಿಮರ್ಶಕರು ಬ್ರೆಸ್ಸನ್‌ರನ್ನು ಹಲವು ಬಾರಿ ಜಾನ್ಸನಿಸ್ಟ್ ಎಂದು ಕರೆದಿದ್ದಾರೆ. ಅವರು ಪಾಸ್ಕಲ್‌ನನ್ನು ಬಹುವಾಗಿ ಗೌರವಿಸುತ್ತಿದ್ದರು. ಆದರೆ ನಮ್ಮ ಬದುಕು ಪೂರ್ವನಿರ್ಣಯ ಮತ್ತು ಆಕಸ್ಮಿಕ ಇವೆರಡರಿಂದಲೂ ಕೂಡಿದ್ದೆಂಬ ಅಭಿಪ್ರಾಯವನ್ನು ಅವರು ಸಂದರ್ಶನವೊಂದರಲ್ಲಿ ವ್ಯಕ್ತಪಡಿಸಿದ್ದರು. ಅವರ ಚಿತ್ರಗಳು ಒಂದು ಸಿದ್ಧಾಂತದ ಪ್ರಚಾರವಾಗದೆ ಉಳಿದುದಕ್ಕೆ ಇದೇ ಕಾರಣವೆನ್ನಬಹುದು.

ಕೃಪೆಯ ಚಿತ್ರಗಳು

ಝಾರ್ಜ್ ಬೆರ್ನಾನೋಸ್‌ರ ಕಾದಂಬರಿಯನ್ನು ಆಧರಿಸಿದ ‘ಡೈರಿ ಆಫ್ ಎ ಕಂಟ್ರಿ ಪ್ರೀಸ್ಟ್’ (೧೯೫೧) ಬ್ರೆಸ್ಸನ್‌ರಿಗೆ ವ್ಯಾಪಕ ಮನ್ನಣೆ ತಂದಿತು. ಹಳ್ಳಿಯ ಇಗರ್ಜಿಗೆ ಬಂದ ಯುವ ಪಾದ್ರಿಯೊಬ್ಬ ಹೊಟ್ಟೆಯ ಕಾಯಿಲೆಯಿಂದ ನರಳುತ್ತಾನೆ. ಊರಿನವರು ಅವನನ್ನು ಸಂಶಯದಿಂದ ಕಾಣುತ್ತಾರೆ. ಅವನಿಗೆ ಪ್ರಾರ್ಥನೆಯೂ ಕೈಗೂಡದು. ಆದರೂ ಮಗನ ಸಾವಿನಿಂದ ದೇವರನ್ನು ದ್ವೇಷಿಸುತ್ತಿದ್ದ ಶ್ರೀಮಂತ ಮಹಿಳೆಯೊಬ್ಬಳಿಗೆ ಅವನ ಮಾತಿನಿಂದ ನೆಮ್ಮದಿ ದೊರೆಯುತ್ತದೆ. ಅದೇ ರಾತ್ರಿ ಅವಳು ತೀರಿಕೊಳ್ಳುತ್ತಾಳೆ. ತನ್ನಲ್ಲಿ ಇಲ್ಲದ ಶಾಂತಿಯನ್ನು ಅವನು ಇನ್ನೊಬ್ಬರಿಗೆ ಕೊಡಬಲ್ಲನಾದುದು ಹೇಗೆಂಬುದೇ ಚಿತ್ರದ ಹೃದಯ.

‘ಎ ಮ್ಯಾನ್ ಎಸ್ಕೇಪ್ಡ್’ (೧೯೫೬) ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಕೃತಿ. ೧೯೪೩ರಲ್ಲಿ ಲಿಯಾನ್ ನಗರದ ಮಾಂಲ್ಯುಕ್ ಸೆರೆಮನೆಯಿಂದ ತಪ್ಪಿಸಿಕೊಂಡ ಆಂದ್ರೆ ದೆವಿನ್ಯಿ ಎಂಬ ಪ್ರತಿರೋಧ ಹೋರಾಟಗಾರರ ನೆನಪುಗಳು ಇದಕ್ಕೆ ಆಧಾರ. ಚಿತ್ರದ ಹೆಸರೇ ಕೊನೆಯನ್ನು ಹೇಳಿಬಿಡುತ್ತದೆ. ಹಾಗಾಗಿ ಕೈದಿ ಪಾರಾಗುವನೇ ಎಂಬ ಕುತೂಹಲಕ್ಕಿಂತ ಹೇಗೆ ಪಾರಾಗುವನು ಎಂಬುದೇ ಮುಖ್ಯವಾಗುತ್ತದೆ. ನಾಯಕ ಫೋಂತೇನ್ ಚಮಚವನ್ನು ಉಜ್ಜಿ ಉಳಿಯಂತೆ ಬಳಸಿ ಬಾಗಿಲ ಹಲಗೆಗಳನ್ನು ಸಡಿಲಿಸುತ್ತಾನೆ. ಬಟ್ಟೆ ಹಾಗೂ ಹಾಸಿಗೆಯ ತಂತಿಯಿಂದ ಹಗ್ಗ ಹೊಸೆಯುತ್ತಾನೆ. ಪ್ರಾರ್ಥನೆಯೊಂದೇ ಸಾಲದು, ಕೈಯೂ ದುಡಿಯಬೇಕೆಂಬುದು ಅವನ ನಂಬಿಕೆ. ಆದರೆ ಪಾರಾಗಲು ಯತ್ನಿಸಿ ಸಿಕ್ಕಿಬಿದ್ದ ಇನ್ನೊಬ್ಬ ಕೈದಿಯ ಸೋಲಿನಿಂದಲೇ ಅವನಿಗೆ ಕೊಕ್ಕೆಗಳ ಅಗತ್ಯ ತಿಳಿಯುತ್ತದೆ. ಕೊನೆಯ ಘಳಿಗೆಯಲ್ಲಿ ಜೋಸ್ತ್ ಎಂಬ ಹುಡುಗನನ್ನು ಅವನ ಕೋಣೆಗೆ ತಂದು ಹಾಕುತ್ತಾರೆ. ಅವನು ಗೂಢಚಾರನಿರಬಹುದು. ಅವನನ್ನು ಕೊಲ್ಲಬೇಕೇ, ಜೊತೆಗೆ ಕರೆದೊಯ್ಯಬೇಕೇ ಎಂಬುದನ್ನು ಫೋಂತೇನ್ ಒಬ್ಬನೇ ನಿರ್ಧರಿಸಬೇಕು. ನಂಬಲು ನಿರ್ಧರಿಸುತ್ತಾನೆ. ಮುಂದೆ ಒಬ್ಬನಿಂದ ಹತ್ತಲಾಗದ ಗೋಡೆಯೊಂದು ಎದುರಾದಾಗ ಆ ಹುಡುಗನಿಂದಲೇ ದಾರಿಯಾಗುತ್ತದೆ. ಚಿತ್ರದ ಎರಡನೆಯ ಶೀರ್ಷಿಕೆ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಿಂದ ಬಂದದ್ದು. ಅಲ್ಲಿ ಯೇಸು ಪವಿತ್ರಾತ್ಮದ ನಡೆಯನ್ನು ಗಾಳಿಗೆ ಹೋಲಿಸುತ್ತಾನೆ. ಈ ಚಿತ್ರಕ್ಕಾಗಿ ಬ್ರೆಸ್ಸನ್‌ರಿಗೆ ೧೯೫೭ರ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ದೊರೆಯಿತು.

‘ಪಿಕ್‌ಪಾಕೆಟ್’ (೧೯೫೯) ಚಿತ್ರದ ಮಿಶೆಲ್, ಅಸಾಮಾನ್ಯರಿಗೆ ಕಾನೂನು ಅನ್ವಯಿಸದೆಂದು ನಂಬಿ ಜೇಬುಗಳ್ಳನಾಗುತ್ತಾನೆ. ದೊಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯ ನೆರಳು ಇಲ್ಲಿದೆ. ತಾನು ಸ್ವತಂತ್ರನೆಂದು ಭಾವಿಸಿದಾಗ ಅವನು ಚಟದ ದಾಸ. ಕೈಗೆ ಬೇಡಿ ಬಿದ್ದು ಕಂಬಿಗಳ ಹಿಂದೆ ನಿಂತಾಗಲೇ ಝಾನ್ ಎಂಬ ಯುವತಿಯ ಪ್ರೀತಿಯನ್ನು ಸ್ವೀಕರಿಸಲು ಸಮರ್ಥನಾಗುತ್ತಾನೆ.

‘ದ ಟ್ರಯಲ್ ಆಫ್ ಜೋನ್ ಆಫ್ ಆರ್ಕ್’ (೧೯೬೨) ೧೪೩೧ರ ವಿಚಾರಣೆಯ ದಾಖಲೆಗಳನ್ನು ಆಧರಿಸಿದೆ. ಕೃಪೆಯ ಸ್ಥಿತಿಯಲ್ಲಿ ಇರುವೆಯಾ ಎಂದು ನ್ಯಾಯಾಧೀಶರು ಜೋನ್‌ಳನ್ನು ಕೇಳಿದ್ದು ಆ ದಾಖಲೆಯಲ್ಲಿದೆ. ಹೌದೆಂದರೆ ದುರಹಂಕಾರ, ಇಲ್ಲವೆಂದರೆ ತಪ್ಪೊಪ್ಪಿಗೆ. ಆಕೆ ಎರಡನ್ನೂ ಹೇಳದೆ ವಿಷಯವನ್ನು ದೇವರಿಗೆ ಬಿಟ್ಟಳು. ಮೊದಲು ಹೆದರಿ ತನ್ನ ಮಾತನ್ನು ಹಿಂತೆಗೆದುಕೊಂಡವಳು, ಬೆಂಕಿಯೇ ಗತಿಯೆಂದು ತಿಳಿದೂ ಮತ್ತೆ ಅದಕ್ಕೇ ಅಂಟಿಕೊಂಡಳು.

ಮಾದರಿಗಳು

ಬ್ರೆಸ್ಸನ್ ಕ್ರಮೇಣ ವೃತ್ತಿನಟರನ್ನು ಕೈಬಿಟ್ಟರು. ನಟನೆಯನ್ನು ಅರಿಯದವರನ್ನು ಆರಿಸಿ ಅವರನ್ನು ‘ಮಾದರಿಗಳು’ ಎಂದು ಕರೆದರು. ಒಂದೇ ಚಲನೆಯನ್ನು, ಒಂದೇ ಮಾತನ್ನು ಭಾವವೆಲ್ಲ ಸೋರಿಹೋಗುವವರೆಗೆ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಹೊರಗಿನ ನಡೆ ಯಂತ್ರದಂತಾದಾಗ ಒಳಗಿನ ಸ್ವಾತಂತ್ರ್ಯ ತಾನಾಗಿ ಹೊಮ್ಮುತ್ತದೆಂಬುದು ಅವರ ಅನುಭವ. ಈ ವಿಚಾರಗಳನ್ನು ೧೯೭೫ರಲ್ಲಿ ಪ್ರಕಟವಾದ ಟಿಪ್ಪಣಿಗಳ ಕಿರುಹೊತ್ತಗೆಯಲ್ಲಿ ಸಂಗ್ರಹಿಸಿದ್ದಾರೆ. ಅವರ ಕಾರ್ಯವಿಧಾನವೂ ವಿಧಿ ಮತ್ತು ಸ್ವಾತಂತ್ರ್ಯಗಳ ಪ್ರಶ್ನೆಯನ್ನೇ ಪ್ರತಿಬಿಂಬಿಸುತ್ತದೆ.

ಕತ್ತಲೆಯ ಚಿತ್ರಗಳು

ಮುಂದಿನ ಚಿತ್ರಗಳಲ್ಲಿ ಬಿಡುಗಡೆ ಅಪರೂಪವಾಗುತ್ತದೆ. ‘ಓ ಅಝಾರ್ ಬಾಲ್ತಝಾರ್’ (೧೯೬೬) ಒಂದು ಕತ್ತೆಯ ಜೀವನಕಥೆ. ಶೀರ್ಷಿಕೆಯಲ್ಲೇ ‘ಆಕಸ್ಮಿಕ’ ಎಂಬ ಅರ್ಥವಿದೆ. ಮಕ್ಕಳು ಆಟದಲ್ಲಿ ದೀಕ್ಷಾಸ್ನಾನ ಮಾಡಿಸಿದ ಆ ಪ್ರಾಣಿ ಯಜಮಾನರಿಂದ ಯಜಮಾನರಿಗೆ ಕೈಬದಲಾಗಿ, ಹೊಡೆತ ತಿಂದು, ಕೊನೆಗೆ ಗುಂಡೇಟಿನಿಂದ ಬೆಟ್ಟದ ಹುಲ್ಲುಗಾವಲಿನಲ್ಲಿ ಕುರಿಗಳ ನಡುವೆ ಸಾಯುತ್ತದೆ. ಕತ್ತೆಗೆ ಆಯ್ಕೆಯಿಲ್ಲ. ಅದನ್ನು ಹಿಂಸಿಸುವ ಮನುಷ್ಯರಿಗೆ ಇದೆ.

‘ಮೂಶೆತ್’ (೧೯೬೭) ಬೆರ್ನಾನೋಸ್‌ರ ಕೃತಿಯನ್ನು ಆಧರಿಸಿದ, ಬಡ ಬಾಲಕಿಯೊಬ್ಬಳ ಕಥೆ. ಆಕೆಯ ಆತ್ಮಹತ್ಯೆಯನ್ನು ತೋರಿಸುವಾಗ ಬ್ರೆಸ್ಸನ್ ತೀರ್ಪು ಕೊಡುವುದಿಲ್ಲ. ನೀರಿನ ಅಲೆಗಳ ಮೇಲೆ ಮಾಂತೆವೆರ್ದಿಯ ದೇವಸ್ತುತಿ ಕೇಳಿಸುತ್ತದೆ. ‘ದ ಡೆವಿಲ್, ಪ್ರಾಬಬ್ಲಿ’ (೧೯೭೭) ಚಿತ್ರವು ಯುವಕನೊಬ್ಬನ ಹತಾಶೆಯನ್ನು ಚಿತ್ರಿಸುತ್ತದೆ.

ಕೊನೆಯ ಚಿತ್ರ ‘ಲಾರ್ಜಾಂ’ (೧೯೮೩) ಟಾಲ್‌ಸ್ಟಾಯ್‌ರ ನೀಳ್ಗತೆಯೊಂದನ್ನು ಆಧರಿಸಿದೆ. ಶಾಲಾಬಾಲಕರು ಚಲಾಯಿಸಿದ ೫೦೦ ಫ್ರಾಂಕ್‌ಗಳ ಖೋಟಾ ನೋಟು ಅಂಗಡಿಯವರ ಮೂಲಕ ಇವೋಂ ಎಂಬ ನಿರಪರಾಧಿ ಕಾರ್ಮಿಕನ ಕೈಸೇರುತ್ತದೆ. ಅಂಗಡಿಯ ನೌಕರ ಸುಳ್ಳುಸಾಕ್ಷಿ ಹೇಳುತ್ತಾನೆ. ಇವೋಂ ಕೆಲಸ ಕಳೆದುಕೊಂಡು, ದರೋಡೆಗೆ ನೆರವಾಗಿ, ಸೆರೆಮನೆ ಸೇರಿ, ಮಗುವನ್ನೂ ಹೆಂಡತಿಯನ್ನೂ ಕಳೆದುಕೊಂಡು, ಕೊನೆಗೆ ಕೊಲೆಗಾರನಾಗುತ್ತಾನೆ. ಸರಪಣಿಯ ಕೊಂಡಿಗಳಂತೆ ಒಂದು ಪಾಪ ಇನ್ನೊಂದನ್ನು ಎಳೆಯುತ್ತದೆ. ಆದರೆ ಪ್ರತಿ ಕೊಂಡಿಯಲ್ಲಿಯೂ ಒಬ್ಬ ಮನುಷ್ಯನು ಬೇರೆ ರೀತಿ ನಡೆದುಕೊಳ್ಳಬಹುದಿತ್ತು. ಟಾಲ್‌ಸ್ಟಾಯ್ ಕಥೆಯ ಉತ್ತರಾರ್ಧದಲ್ಲಿ ಪಶ್ಚಾತ್ತಾಪವು ವಿಸ್ತಾರವಾಗಿ ಹರಡಿಕೊಳ್ಳುತ್ತದೆ. ಬ್ರೆಸ್ಸನ್‌ರಲ್ಲಿ ಅದು ಇವೋಂ ಸ್ವಇಚ್ಛೆಯಿಂದ ಪೊಲೀಸರೆದುರು ತಪ್ಪೊಪ್ಪಿಕೊಳ್ಳುವ ಒಂದು ಕ್ಷಣಕ್ಕೆ ಇಳಿಯುತ್ತದೆ. ಅವನ ಮೊದಲ ಬಿಡುಗಡೆಯ ಹೆಜ್ಜೆ ಅದೇ ಎಂದು ಕೆಲವರು, ಯಾಂತ್ರಿಕ ಪತನದ ಮುಕ್ತಾಯವೆಂದು ಕೆಲವರು ಅರ್ಥೈಸುತ್ತಾರೆ. ಕಾನ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕಾಗಿ ಬ್ರೆಸ್ಸನ್, ರಷ್ಯದ ಆಂದ್ರೇ ತಾರ್ಕೊವ್‌ಸ್ಕಿಯವರೊಡನೆ ಪ್ರಶಸ್ತಿ ಹಂಚಿಕೊಂಡರು.

ಪ್ರಭಾವ

ಕಟ್ಟಾ ಕ್ಯಾಲ್ವಿನ್‌ಪಂಥೀಯ ಕುಟುಂಬದಲ್ಲಿ ಬೆಳೆದ ಅಮೆರಿಕದ ಪಾಲ್ ಶ್ರೇಡರ್ ೧೯೭೨ರಲ್ಲಿ ಓಝು, ಬ್ರೆಸ್ಸನ್ ಮತ್ತು ಡ್ರೇಯರ್‌ರ ಶೈಲಿಯನ್ನು ಕುರಿತು ಗ್ರಂಥ ರಚಿಸಿದರು. ಮುಂದೆ ತಾವೇ ನಿರ್ದೇಶಿಸಿದ ‘ಅಮೆರಿಕನ್ ಜಿಗೊಲೊ’ (೧೯೮೦) ಚಿತ್ರವನ್ನು ‘ಪಿಕ್‌ಪಾಕೆಟ್’ನ ಅಂತ್ಯದ ಮಾದರಿಯಲ್ಲಿ ಮುಗಿಸಿದರು. ಭಾರತದಲ್ಲಿ ‘ಉಸ್ಕಿ ರೋಟಿ’ಯ ನಿರ್ದೇಶಕ ಮಣಿ ಕೌಲ್ ಬ್ರೆಸ್ಸನ್‌ರಿಂದ ಆಳವಾಗಿ ಪ್ರಭಾವಿತರಾದವರು.

ಬೈಬಲ್ಲಿನ ಆದಿಕಾಂಡವನ್ನು ಚಿತ್ರವಾಗಿಸಬೇಕೆಂಬ ಬ್ರೆಸ್ಸನ್‌ರ ಬಹುಕಾಲದ ಆಸೆ ಈಡೇರಲಿಲ್ಲ. ಮನುಷ್ಯನು ಮೊದಲ ಬಾರಿಗೆ ಆಯ್ಕೆ ಮಾಡಿ ತಪ್ಪಿದ ಕಥೆ ಅಲ್ಲಿಯದು. ‘ಲಾರ್ಜಾಂ’ ನಂತರ ಅವರು ಬೇರೆ ಚಿತ್ರ ಮಾಡಲಿಲ್ಲ. ೧೯೯೯ರ ಡಿಸೆಂಬರ್ ೧೮ರಂದು, ತಮ್ಮ ೯೮ನೆಯ ವಯಸ್ಸಿನಲ್ಲಿ ನಿಧನರಾದರು.